ಹಳೆಯ ಆಟೋಮ್ಯಾಟಿಕ್ ಕಾರಿನ ಸದ್ದು

ಪ್ರಶ್ನೆ: ನನ್ನ 14 ವರ್ಷ ಹಳೆಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಗುಂಯ್‌ಗುಡುತ್ತಿದೆ. ಆಯಿಲ್ ಬದಲಿಸಿದರೆ ನಿಲ್ಲುತ್ತದೆಯೇ?

ಉತ್ತರ: ಮೊದಲು ಆಯಿಲಿನ ಮಟ್ಟವನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ನೋಡಿಸಿ, ಆಯಿಲ್ ಕಡಿಮೆಯಾಗಿ ಪಂಪು ಗಾಳಿಯನ್ನೂ ಎಳೆದುಕೊಂಡರೆ ಇಂಥದೇ ಸದ್ದು ಬರುತ್ತದೆ, ಆಗ ಸೋರಿಕೆಯನ್ನು ಸರಿಪಡಿಸದೆ ಆಯಿಲ್ ಬದಲಿಸಿ ಫಲವಿಲ್ಲ. ಬಿಳಿ ಕಾಗದದ ಮೇಲೆ ಎರಡು ಹನಿ ಬಿಟ್ಟು ನೋಡಿ: ಕೆಂಪು ಆಯಿಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸುವುದು ಸರಿ, ಆದರೆ ಸುಟ್ಟ ವಾಸನೆಯೊಂದಿಗೆ ಲೋಹದ ಚೂರುಗಳೂ ಮಿನುಗಿದರೆ ಒಳಭಾಗಗಳೇ ಸವೆದಿವೆ, ಅದನ್ನು ಯಾವ ಆಯಿಲೂ ಸರಿಪಡಿಸದು. ಒಮ್ಮೆ ಹೊರಕ್ಕೆ ಹರಿಸಿದಾಗ ಟಾರ್ಕ್ ಕನ್ವರ್ಟರ್‌ನೊಳಗಿನ (ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗದ) ಹಳೆಯ ಆಯಿಲ್ ಅಲ್ಲೇ ಉಳಿಯುವುದರಿಂದ, ಕೆಲವು ದಿನ ಓಡಿಸಿ ಇನ್ನೊಮ್ಮೆ ಬದಲಿಸಿ. ಇಷ್ಟು ಹಳೆಯ ಗೇರ್‌ಬಾಕ್ಸನ್ನು ಯಂತ್ರದ ಒತ್ತಡದಿಂದ ತೊಳೆಯಿಸಲು ಮಾತ್ರ ನಾನು ಹೇಳಲಾರೆ.