ಗಾಡಿ ಮಾತು: ಚಕ್ರ ಸುತ್ತುತ್ತದೆ, ಗಾಡಿ ನಿಂತಲ್ಲೇ

ಪ್ರಶ್ನೆ: ನಮ್ಮದು ಹನ್ನೆರಡು ಎಕರೆ ಕಾಫಿ ತೋಟ, 2012ರ ಜಿಪ್ಸಿ ಇದೆ. ಕಣದಿಂದ ಮೇಲಿನ ಬ್ಲಾಕಿಗೆ ಹೋಗುವ ಏರಿನಲ್ಲಿ ಒಂದು ಕಡೆ ನೀರು ಕೊರೆದಿದೆ. ಮಳೆಗಾಲದಲ್ಲಿ ಫೋರ್ ವ್ಹೀಲ್, ಲೋ ಗೇರ್ ಎರಡೂ ಹಾಕಿದರೂ ಅಲ್ಲಿ ಚಕ್ರ ಸುತ್ತಿ ಗಾಡಿ ನಿಲ್ಲುತ್ತದೆ. ಹಿಂದಿನ ಡಿಫರೆನ್ಷಿಯಲ್ (ಎಡ–ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ವೆಲ್ಡ್ ಮಾಡಿಸಿ ಅಂತ ಅಣ್ಣನ ಮಗ ಹೇಳುತ್ತಾನೆ. ಬೆಂಗಳೂರಿನ ಅಂಗಡಿಯವರು ಹಿಂದೆ ಮುಂದೆ ಎರಡಕ್ಕೂ ಏರ್ ಲಾಕರ್ (ಎಡ–ಬಲ ಚಕ್ರಗಳು ಒಟ್ಟಿಗೇ ತಿರುಗುವಂತೆ ಗಾಳಿಯ ಒತ್ತಡದಿಂದ ಬಿಗಿಯುವ ಸಾಧನ) ಅನ್ನುತ್ತಾರೆ. ಗಾಡಿ ಓಡಿಸುವುದು ನಾನು ಮತ್ತು ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ನಮ್ಮ ರೈಟರ್. ಏನು ಮಾಡಲಿ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಮೇಡಂ, ಅಣ್ಣನ ಮಗನ ಕೈಗೆ ವೆಲ್ಡಿಂಗ್ ರಾಡ್ ಮಾತ್ರ ಕೊಡಬೇಡಿ. ಆ ಕೆಲಸ ನಾನೇ ಒಮ್ಮೆ ಮಾಡಿದ್ದೇನೆ. ವಯಸ್ಸಿನ ಹುಮ್ಮಸ್ಸಿನಲ್ಲಿ ನನ್ನ ಹಳೇ ಜೀಪಿನ ಹಿಂದಿನ ಡಿಫರೆನ್ಷಿಯಲ್ ಬಿಚ್ಚಿ, ಒಳಗಿನ ಪುಟ್ಟ ಗೇರುಗಳನ್ನೆಲ್ಲ ಒಂದಕ್ಕೊಂದು ಬೆಸೆದುಬಿಟ್ಟೆ. ಕೆಸರಿನಲ್ಲಿ ಕೋಣದ ಹಾಗೆ ಹತ್ತುತ್ತಿತ್ತು. ಚಾರ್ಮಾಡಿ ಘಾಟಿಯ ಟಾರು ರಸ್ತೆಗೆ ಇಳಿದಾಗ ಬಣ್ಣ ಬಯಲಾಯಿತು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಬೆಸೆದ ಮೇಲೆ ಅದಕ್ಕೆ ದಾರಿಯಿಲ್ಲ. ಕೆಸರಾದರೆ ಟೈರು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಟಾರಿನ ಮೇಲೆ ಜಾರದು, ಚಕ್ರ ತಿರುಗಿಸುವ ಶಾಫ್ಟೇ ತಿರುಚಿಕೊಳ್ಳುತ್ತದೆ. ವಾಪಸ್ ಹತ್ತುವಾಗ ಒಂದು ಹೇರ್‌ಪಿನ್ನಿನಲ್ಲಿ ‘ಠಣ್’ ಅಂತು. ಮಿಕ್ಕ ಒಂದು ಶಾಫ್ಟಿನ ಬಲದಲ್ಲಿ ಕುಂಟುತ್ತಾ ಕೊಟ್ಟಿಗೆಹಾರ ಮುಟ್ಟಿದೆ.

ಇನ್ನು ನಿಮ್ಮ ಏರಿನ ವಿಷಯ. ಕಣದಲ್ಲಿ ಒಂದು ಪರೀಕ್ಷೆ ಮಾಡಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡನ್ನೂ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರ ಕೈಯಲ್ಲಿ ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗುತ್ತದೆ. ಕಂಪನಿಯಿಂದ ಬಂದ ಓಪನ್ ಡಿಫರೆನ್ಷಿಯಲ್ ಅಂದರೆ ಇದೇ. ಸುತ್ತುವ ಚಕ್ರವೇ ಪವರನ್ನೆಲ್ಲ ಕದಿಯುತ್ತದೆ ಅನ್ನುವ ಮಾತು ಪೂರ್ತಿ ಸರಿಯಲ್ಲ. ತಿರುಗಿಸುವ ಬಲ ಎರಡೂ ಕಡೆಗೆ ಸಮಪಾಲು. ಆದರೆ ಕೆಸರಿನ ಚಕ್ರ ಎಷ್ಟು ತಡೆಯುತ್ತದೋ ಅಷ್ಟೇ ಬಲ ಗಟ್ಟಿ ನೆಲದ ಚಕ್ರಕ್ಕೂ ಸಿಗುವುದು. ಒಂದು ಚಕ್ರ ಗಾಳಿಯಲ್ಲಿದ್ದರೆ ಇನ್ನೊಂದಕ್ಕೂ ಹೆಚ್ಚುಕಡಿಮೆ ಸೊನ್ನೆ. ಹಿಂದೊಂದು, ಮುಂದೊಂದು ಚಕ್ರ ಹೀಗೆ ಹಗುರಾಯಿತು ಅನ್ನಿ, ಫೋರ್ ವ್ಹೀಲ್ ಹೆಸರಿಗಷ್ಟೇ ಉಳಿಯುತ್ತದೆ.

ಹಾಗಾಗಿ ಲಾಕರ್ ನಿಮಗೆ ಉಪಯೋಗಕ್ಕೆ ಬರುತ್ತದೆ. ಹಿಂದೆ ಮಾತ್ರ ಹಾಕಿಸಿ, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವಂಥದ್ದೇ ಇರಲಿ. ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ, ಎಳೆಯುವ ಕೆಲಸ ಬಹುಪಾಲು ಹಿಂದಿನ ಚಕ್ರಗಳದ್ದೇ. ಮುಂದೆಯೂ ಹಾಕಿಸಿ ಲಾಕ್ ಮಾಡಿದರೆ ಸ್ಟೇರಿಂಗ್ ಕಲ್ಲಾಗುತ್ತದೆ. ಪೂರ್ತಿ ತಿರುಗಿಸಿ ಎಕ್ಸಲರೇಟರ್ ಒತ್ತಿದರೆ ಮುಂದಿನ ಸಿ.ವಿ. ಜಾಯಿಂಟ್ (ಸ್ಟೇರಿಂಗ್ ತಿರುಗಿಸಿದರೂ ಚಕ್ರಕ್ಕೆ ಬಲ ಒಯ್ಯುವ ಕೀಲು) ಉಳಿದರೆ ನಿಮ್ಮ ಪುಣ್ಯ.

ತಾನಾಗಿಯೇ ಲಾಕ್ ಆಗುವ ಆಟೋ ಲಾಕರ್ ಅಗ್ಗ. ಇರುವ ಹೌಸಿಂಗಿನೊಳಗೇ ಪುಟ್ಟ ಗೇರು ತೆಗೆದು ಕೂರಿಸುವಂಥದ್ದೂ ಇದೆ. ನಿಮಗೆ ಅದು ಬೇಡ ಅನ್ನಲು ಕಾರಣ ನಿಮ್ಮ ರಸ್ತೆ. ತೋಟದ ರಸ್ತೆ ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು, ನಡುವೆ ಪಾಚಿ ಹಿಡಿದ ಜೇಡಿಮಣ್ಣು. ಓಪನ್ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ಸುತ್ತುತ್ತಿದ್ದರೂ ಇನ್ನೊಂದು ಸುಮ್ಮನೆ ನೆಲ ಕಚ್ಚಿಕೊಂಡು ಗಾಡಿಯ ಹಿಂಭಾಗವನ್ನು ಹಿಡಿದಿರುತ್ತದೆ. ಲಾಕ್ ಆದಾಗ ಸುತ್ತಿದರೆ ಎರಡೂ ಒಟ್ಟಿಗೇ ಸುತ್ತಿ ಹಿಡಿತ ಬಿಡುತ್ತವೆ, ಬಾಲ ಇಳಿಜಾರಿನ ಕಡೆಗೆ ಜಾರುತ್ತದೆ. ಅಂಥ ಜಾಗದಲ್ಲಿ ಲಾಕ್ ಇರಬೇಕೋ ಬೇಡವೋ ಅನ್ನುವುದನ್ನು ನೀವು ನಿರ್ಧರಿಸಬೇಕು, ಗಾಡಿಯಲ್ಲ. ನಿಮ್ಮ ರೈಟರಿಗೂ ಇದನ್ನು ಕೂರಿಸಿಕೊಂಡು ಹೇಳಿ: ಕೊರಕಲಿಗೆ ಇಳಿಯುವ ಮುಂಚೆ ನಿಂತು ಲಾಕ್ ಹಾಕುವುದು, ದಾಟಿದ ಕೂಡಲೇ ತೆಗೆಯುವುದು. ಚಕ್ರ ಸುತ್ತುತ್ತಿರುವಾಗ ಸ್ವಿಚ್ ಒತ್ತಬಾರದು.

ಒಂದೇ ಚಕ್ರ ಸುತ್ತುವುದನ್ನು ಒಳಗಿನ ಪ್ಲೇಟುಗಳ ತಿಕ್ಕಾಟದಿಂದ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಕೂಡ ಕೆಲವರು ಹೇಳಿಯಾರು. ಚಕ್ರ ಪೂರ್ತಿ ಎದ್ದ ಕೊರಕಲಿನಲ್ಲಿ ಅದರದ್ದು ಅರ್ಧ ಕೆಲಸ, ಪ್ಲೇಟು ಸವೆದ ಮೇಲೆ ಅದೂ ಇಲ್ಲ.

ಏರ್ ಲಾಕರ್, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್, ಕೂಲಿ ಸೇರಿದರೆ ಲಕ್ಷ ದಾಟುವ ಬಾಬ್ತು. ಆರ್ಡರ್ ಕೊಡುವ ಮುಂಚೆ ಆಕ್ಸಲ್ ಶಾಫ್ಟ್ ಹೊರಗೆಳೆದು ತುದಿಯ ಹಲ್ಲು ಎಣಿಸಿ, ಡಿಫರೆನ್ಷಿಯಲ್ಲಿನ ದೊಡ್ಡ ಗೇರು ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್ನಿನ ಹಲ್ಲನ್ನೂ ಎಣಿಸಿ ಬರೆದುಕೊಳ್ಳಿ. ಜಿಪ್ಸಿಗೆ ಆಗುತ್ತದೆ ಅನ್ನುವ ಅಂಗಡಿಯವರ ಮಾತನ್ನಷ್ಟೇ ನಂಬಬೇಡಿ. ಕ್ರೌನ್–ಪಿನಿಯನ್ ನಡುವಿನ ಆಟವನ್ನು ಡಯಲ್ ಗೇಜ್ ಇಟ್ಟು ನೋಡುವ ಮೆಕ್ಯಾನಿಕ್ ಆಗಿರಬೇಕು. ಕೈಯಲ್ಲಾಡಿಸಿ ‘ಸರಿ ಇದೆ’ ಅನ್ನುವವನಾದರೆ ಆರು ತಿಂಗಳಲ್ಲಿ ಡಿಫರೆನ್ಷಿಯಲ್ ಹಾಡಲು ಶುರುಮಾಡುತ್ತದೆ. ಗಾಳಿ ಪೈಪು ಸೈಲೆನ್ಸರಿನಿಂದ ದೂರ ಇರಲಿ, ಕರಗಿದ ಪೈಪು ತುಂಬ ನೋಡಿದ್ದೇನೆ. ಮುಂದೆಂದಾದರೂ ಕಂಪ್ರೆಸರ್ ಪಕ್ಕದ ಸೊಲೆನಾಯ್ಡಿನಲ್ಲಿ (ಗಾಳಿ ಬಿಡುವ ವಿದ್ಯುತ್ ವಾಲ್ವ್) ಗೇರ್ ಎಣ್ಣೆ ಕಂಡರೆ ಒಳಗಿನ ಸೀಲ್ ಹೋಗಿದೆ ಅಂತ ತಿಳಿಯಿರಿ.

ದುಡ್ಡು ಬಿಚ್ಚುವ ಮುಂಚೆ ಈ ಮಳೆಗಾಲ ಎರಡು ಕೆಲಸ ಮಾಡಿ ನೋಡಿ. ಆ ಏರಿಗೆ ಹೋಗುವಾಗ ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ಟಾರಿಗೆ ಬರುವ ಮುಂಚೆ ತುಂಬಿಸಿ. ಚಕ್ರ ಸುತ್ತಲು ಶುರುವಾದರೆ ಎಕ್ಸಲರೇಟರ್ ಹಾಗೇ ಹಿಡಿದು ಎಡಗಾಲಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿ. ಸುತ್ತುವ ಚಕ್ರಕ್ಕೆ ತಡೆ ಸಿಕ್ಕರೆ ಆಚೆ ಚಕ್ರಕ್ಕೂ ಬಲ ಬರುತ್ತದೆ. ಕೊರಕಲಿಗೆ ನಾಲ್ಕು ಬುಟ್ಟಿ ಕಲ್ಲು ಹಾಕಿಸಿ, ಮೇಲಿನಿಂದ ಬರುವ ನೀರಿಗೆ ಒಂದು ಅಡ್ಡ ಚರಂಡಿ ಹೊಡೆಸಿದರೆ ಲಾಕರ್ ಇಲ್ಲದೆಯೂ ಹತ್ತಬಹುದು. ಹೀಗೆ ಬರೆದರೆ ಗ್ಯಾರೇಜಿನವರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ಇರಲಿ.

ಪ್ರಶ್ನೆ: 2017ರ ಥಾರ್ ಸಿಆರ್‌ಡಿಇ. ಕೆಸರಿನಲ್ಲಿ ಚಕ್ರ ಸುತ್ತಿದಾಗ ಹಿಂದಿನಿಂದ ‘ಢಬ್’ ಅಂತ ಹೊಡೆದಂತೆ ಸದ್ದು. ಡಿಫರೆನ್ಷಿಯಲ್ ಹೋಯಿತೇ?
– ಓದುಗರು, ಸೋಮವಾರಪೇಟೆ

ಉತ್ತರ: ಅದು ನಿಮ್ಮ ಲಾಕರ್ ಕೆಲಸ ಮಾಡಿದ ಸದ್ದು. ಹಿಂದೆ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕರ್ ಇದೆ, ಸ್ವಿಚ್ ಇಲ್ಲ. ಎಡ–ಬಲ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಪುಟ್ಟ ತೂಕಗಳು ಚಿಮ್ಮಿ ಲಾಕ್ ಬೀಳುತ್ತದೆ. ವೇಗ ಗಂಟೆಗೆ 30 ಕಿಲೋಮೀಟರ್ ಆಸುಪಾಸು ದಾಟಿದರೆ ಬೀಳುವುದಿಲ್ಲ. ಚಕ್ರ ಸುತ್ತಿದ ಕೂಡಲೇ ಗಾಬರಿಯಿಂದ ಕಾಲು ತೆಗೆಯಬೇಡಿ, ಒಂದೇ ಸಮನೆ ಹಿಡಿದಿರಿ. ಟಾರಿನ ತಿರುವಿನಲ್ಲೂ ಢಬ್ ಅಂದರೆ ಮಾತ್ರ ಬಿಚ್ಚಿಸಿ ನೋಡಿ.

ಪ್ರಶ್ನೆ: ಜಿಮ್ನಿ ಕೊಂಡು ಮೂರು ತಿಂಗಳಾಯಿತು. ಲಾಕರ್ ಹಾಕಿಸಬಹುದೇ?
– ಓದುಗರು, ಶಿರಸಿ

ಉತ್ತರ: ಈಗಲೇ ಬೇಡ. ಸುತ್ತುವ ಚಕ್ರವನ್ನು ಬ್ರೇಕಿನಿಂದ ಹಿಡಿಯುವ ವ್ಯವಸ್ಥೆ ನಿಮ್ಮ ಗಾಡಿಯಲ್ಲೇ ಇದೆ. ಜಾರುವ ಏರಿನಲ್ಲಿ 4ಎಲ್ (ಫೋರ್ ವ್ಹೀಲ್, ಲೋ ಗೇರ್) ಹಾಕಿ, ಚಕ್ರ ಸುತ್ತಿದರೂ ಎರಡು ಮೂರು ಸೆಕೆಂಡ್ ಕಾಲು ತೆಗೆಯದೆ ಕಾಯಿರಿ, ಅದು ಕಟಕಟ ಅನ್ನುತ್ತಾ ಹಿಡಿದುಕೊಳ್ಳುತ್ತದೆ. ಆ ದುಡ್ಡಿನಲ್ಲಿ ಮೊದಲು ಒಳ್ಳೆಯ ಮಡ್ ಟೈರ್ ನೋಡಿ. ವಾರಂಟಿ ಇರುವ ಆಕ್ಸಲ್ಲಿಗೆ ಸ್ಪ್ಯಾನರ್ ಯಾಕೆ ಹಾಕಿಸುತ್ತೀರಿ?