ಕೆಂಪು ಉಂಡೆಯಿಂದ ಶುರು ಮಾಡಿ

ಸಾಗರದ ಗೆಳೆಯರೇ,

ನಿಮ್ಮ ‘ನೆಲದಡಿಯ ಕ್ಯಾಲೆಂಡರ್’ ಲೇಖನವನ್ನು ಎರಡು ಸಲ ಓದಿದೆ. ನೆಲದಡಿಯ ಪದರಗಳ ವಯಸ್ಸನ್ನು ಪಳೆಯುಳಿಕೆ ನೋಡಿ ಹೇಗೆ ಹೇಳುತ್ತಾರೆ, ದೂರದ ಎರಡು ಬಾವಿಗಳ ಪದರಗಳನ್ನು ಹೇಗೆ ಹೊಂದಿಸುತ್ತಾರೆ ಅಂತ ಕನ್ನಡದಲ್ಲಿ ಬರೆಯಲು ಹೊರಟಿದ್ದೀರಿ. ತುಂಬಾ ಖುಷಿಯಾಯಿತು. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲು ದೊಡ್ಡ ತಪ್ಪು. ನಿಮ್ಮ ತೋಟದ ಬೋರ್‌ನಲ್ಲೂ ಮಾವನ ಮನೆ ಬೋರ್‌ನಲ್ಲೂ 40 ಅಡಿವರೆಗೆ ಕೆಂಪು ಮಣ್ಣು ಬಂತು, ಹಾಗಾಗಿ ಎರಡೂ ಒಂದೇ ಕಾಲದಲ್ಲಿ ಕೂತ ಪದರ ಅಂತ ಬರೆದಿದ್ದೀರಿ. ಅಲ್ಲ. ನಮ್ಮ ಜಂಬಿಟ್ಟಿಗೆ, ಅದರಡಿಯ ಮೆತ್ತನೆ ಜೇಡಿ, ಇವೆಲ್ಲ ಹರಿದು ಬಂದು ಕೂತವಲ್ಲ. ಬಹುಮಟ್ಟಿಗೆ ಅಲ್ಲೇ ಇದ್ದ ಬಂಡೆ ಮಳೆಗೆ ಕೊಳೆತು ಆದದ್ದು. 1807ರಲ್ಲಿ ಬ್ರಿಟಿಷ್ ಸಮೀಕ್ಷಕ ಬುಕಾನನ್ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಇಂಥ ಕಲ್ಲಿಗೇ. ಅದರಡಿಯ ಬಂಡೆಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಆಗ ಚಿಪ್ಪಿನ ಪ್ರಾಣಿಯೇ ಹುಟ್ಟಿರಲಿಲ್ಲ. ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಧಾರವಾಡ ಶಿಲೆಗಳು ಅನ್ನುವ ಈ ಹಳೆಯ ಬಂಡೆಗಳಲ್ಲಿ ಅಲ್ಲಲ್ಲಿ ಸಿಗುತ್ತದೆ, ನಿಜ. ಆದರೆ ನೀವು ಬರೆದ ಹಾಗೆ ಅಮೋನೈಟ್, ಅಂದರೆ ಅಳಿದುಹೋದ ಸುರುಳಿ ಚಿಪ್ಪಿನ ಕಡಲಜೀವಿ, ಇಲ್ಲಿ ಸಿಗುವುದಿಲ್ಲ. ಅದು ಬೇಕಾದರೆ ಒಂದು ಕಾಲದಲ್ಲಿ ಕಡಲ ತಳವಾಗಿದ್ದ ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ಆ ಸಾಲು ತೆಗೆದುಬಿಡಿ.

ಕಡಲ ತಳದಲ್ಲಿ ಕೂತ ಪದರಗಳಲ್ಲೂ ಬಣ್ಣ ನಂಬಬಾರದು. ಸಮುದ್ರ ನಿಧಾನವಾಗಿ ನಾಡಿನ ಕಡೆ ಏರಿ ಬಂದರೆ ಮರಳ ದಂಡೆಯೂ ಜೊತೆಗೇ ಸರಿಯುತ್ತದೆ. ನೋಡಲು ಒಂದೇ ಹಾಸು. ಆದರೆ ಕಡಲ ಕಡೆಯ ಮರಳು ಹಳೆಯದು, ನಾಡಿನ ಕಡೆಯದು ಹೊಸದು. ಜೀವಿಗಳ ಕಥೆ ಬೇರೆ. ಒಮ್ಮೆ ಅಳಿದ ಜಾತಿ ಮತ್ತೆ ಹುಟ್ಟುವುದಿಲ್ಲ. ಗ್ಲೋಬೊಟ್ರಂಕಾನ ಅನ್ನುವ ಮರಳ ಕಾಳಿನಷ್ಟು ಚಿಪ್ಪಿನ ಜೀವಿ ಸಮುದ್ರದಲ್ಲಿ ತೇಲುತ್ತಾ ದೂರ ದೂರಕ್ಕೆ ಹರಡಿತ್ತು. ಸುಮಾರು 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆ ಅದೂ ಹೋಯಿತು. ಎರಡು ಬಾವಿಗಳಲ್ಲಿ ಅದು ಯಾವ ಆಳದಲ್ಲಿ ಸಿಗುತ್ತದೆ ಅಂತ ನೋಡಿ ಪದರ ಹೊಂದಿಸುತ್ತಾರೆ. ಅಲ್ಲಿ ಜೇಡಿ ಇರಲಿ, ಸುಣ್ಣಕಲ್ಲಿರಲಿ, ಬಣ್ಣ ಯಾವುದೇ ಇರಲಿ.

ಇನ್ನು ಐದನೇ ಪುಟ. ‘ಬಾವಿಯಲ್ಲಿ ಒಂದು ಜೀವಿ ಎಷ್ಟು ಆಳದವರೆಗೆ ಸಿಗುತ್ತದೋ ಅಲ್ಲಿ ಅದು ಹುಟ್ಟಿತು’ ಅಂದಿದ್ದೀರಿ. ಕೊರೆದಾಗ ಬರುವ ಪುಡಿಯಲ್ಲಿ ಇದೇ ನಂಬಲಾಗದ ಗುರುತು. ಯಾಕೆ ಅಂತ ನಿಮ್ಮ ಲೇಖನದಲ್ಲೇ ಇದೆ! ‘200 ಅಡಿಯಲ್ಲಿ ಕರಿಕಲ್ಲಿನ ಪುಡಿ ಜೊತೆ ಒಂದು ಕೆಂಪು ಉಂಡೆ ಬಂತು. ಅಪ್ಪ ಕೈಯಲ್ಲಿ ಹಿಸುಕಿ ನೋಡಿದರು.’ ಎಷ್ಟು ಒಳ್ಳೆಯ ಸಾಲು ಅಲ್ವಾ? ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. 200 ಅಡಿಯಲ್ಲಿ ಕೆಂಪು ಮಣ್ಣೆಲ್ಲಿಂದ ಬಂತು? ಕೇಸಿಂಗ್ ಪೈಪ್ ಸರಿಯಾಗಿ ಕೂರದೆ ಮೇಲಿನ ಮಣ್ಣು ಕುಸಿದು ಬಿದ್ದಿರಬೇಕು. ಚಿಪ್ಪುಗಳೂ ಹಾಗೇ ಕುಸಿಯುತ್ತವೆ. ಹೊಸ ಕಾಲದ ಚಿಪ್ಪು ಹಳೆ ಕಲ್ಲಿನ ಪುಡಿಗೆ ಸೇರಿಬಿಡುತ್ತದೆ. ಆದರೆ ಇನ್ನೂ ಕೊರೆಯದ ಕಲ್ಲಿನಿಂದ ಏನೂ ಮೇಲೆ ಬರಲಾರದು. ಹಾಗಾಗಿ ಕೊರೆಯುತ್ತಾ ಇಳಿಯುವಾಗ ಒಂದು ಜೀವಿ ಮೊದಲ ಸಲ ಕಾಣುವ ಆಳವನ್ನೇ ಹೆಚ್ಚು ನಂಬುತ್ತಾರೆ. ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು; ಹಾಗಾಗಿ ಅದು ಆ ಜೀವಿ ಅಳಿದ ಕಾಲದ ಗುರುತು, ಹುಟ್ಟಿದ್ದರದ್ದಲ್ಲ. ಹುಟ್ಟಿದ ಕಾಲ ಬೇಕಾದರೆ ಪುಡಿ ಸಾಲದು, ಇಡೀ ಕಲ್ಲಿನ ಕಂಬವನ್ನೇ ಕೊರೆದು ತೆಗೆಯಬೇಕು.

ಇಂಗ್ಲೆಂಡಿನ ಭೂವಿಜ್ಞಾನಿ ವಿಲಿಯಂ ಸ್ಮಿತ್‌ಗೆ ಎರಡು ಪುಟ ಕೊಟ್ಟಿದ್ದೀರಿ. ಹುಟ್ಟೂರು, ಸಾಲ, ಜೈಲು ಬೇಡ. ಕಾಲುವೆ ಅಗೆಸುವಾಗ ಒಂದೇ ಥರ ಕಂಡ ಪದರಗಳನ್ನು ಒಳಗಿನ ಪಳೆಯುಳಿಕೆ ನೋಡಿ ಬೇರೆ ಬೇರೆ ಅಂತ ಗುರುತಿಸಿದ, 1815ರಲ್ಲಿ ನೆಲದಡಿಯ ಪದರಗಳ ನಕ್ಷೆ ಮಾಡಿದ. ಇಷ್ಟು ಸಾಕು.

ಅಪ್ಪನ ಕೈಯಲ್ಲಿದ್ದ ಆ ಉಂಡೆಯಿಂದಲೇ ಲೇಖನ ಶುರು ಮಾಡಿ. ಅಲ್ಲಿಂದ ಅರಿಯಲೂರಿಗೆ ಹೋಗಿ. ಎಷ್ಟು ಅಡಿಗೆ ಯಾವ ಕಲ್ಲು ಬಂತು ಅಂತ ಬೋರ್ ಲಾರಿಯವರು ಬರೆದುಕೊಟ್ಟ ಚೀಟಿ ಮನೆಯಲ್ಲಿದ್ದರೆ ಅದರ ಫೋಟೋ ಕಳಿಸಿ. ಮಳೆ ಹಿಡಿಯುವ ಮೊದಲು ಕೈಸೇರಲಿ.