ಕಥೆ ಸರಿ, ಕಾಲ ಸರಿಯಿಲ್ಲ

ನಿಮ್ಮ ಇಂಗ್ಲಿಷ್ ಕಥೆ ಓದಿದೆ. ಅಕ್ಕ ಮನೆ ಬಿಟ್ಟು ಹೋದ ದಿನ ಯಾರು ಏನೇನು ಅಂದರು ಅಂತ ತಮ್ಮ ಎಷ್ಟೋ ವರ್ಷದ ಮೇಲೆ ನೆನಪು ಮಾಡಿಕೊಳ್ಳುತ್ತಾನೆ. ಕಥೆ ಇಷ್ಟವಾಯಿತು. ಆದರೆ ಹೀಗೇ ಪ್ರಕಟಿಸಲು ಆಗುವುದಿಲ್ಲ. ಬೇರೆಯವರ ಮಾತನ್ನು ವರದಿ ಮಾಡುವ ಕಡೆಯೆಲ್ಲ ಕ್ರಿಯಾಪದದ ಕಾಲ ಎಡವುತ್ತಿದೆ.

ಮೊದಲ ಪುಟದಲ್ಲೇ ‘ಶೀ ಸೆಡ್ ಶೀ ವಿಲ್ ರೈಟ್ ಟುಮಾರೋ’ ಅಂತಿದೆ. ಇದು ಎಲ್ಲಿಂದ ಬಂತು ಅಂತ ಗೊತ್ತು. ಕನ್ನಡದಲ್ಲಿ ‘ನಾಳೆ ಬರೆಯುತ್ತೇನೆ ಅಂದಳು’ ಅಂದರೆ ಮುಗಿಯಿತು, ಅವಳ ಮಾತು ಅವಳು ಆಡಿದ ಹಾಗೇ ಉಳಿಯುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಕಥೆ ಹೇಳುವವನು ಎಲ್ಲಿ ನಿಂತಿದ್ದಾನೋ ಅಲ್ಲಿಂದ ಲೆಕ್ಕ. ಅವಳ ನಾಳೆ ತಮ್ಮನಿಗೆ ಎಂದೋ ಕಳೆದುಹೋದ ದಿನ, ಅಲ್ವಾ? ಹಾಗಾಗಿ ‘ವುಡ್ ರೈಟ್ ದ ನೆಕ್ಸ್ಟ್ ಡೇ’.

ಆಮೇಲೆ ಯಾರೋ ನಿಯಮ ಹೇಳಿಕೊಟ್ಟ ಹಾಗಿದೆ, ಮೂರನೇ ಪುಟದಿಂದ ಸಿಕ್ಕಿದ ಕ್ರಿಯಾಪದವನ್ನೆಲ್ಲ ಕಾಲದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿದ್ದೀರಿ. ಅಪ್ಪ ‘ಯೂ ಶುಡ್ ಸ್ಟಡಿ’ ಅಂದದ್ದು ‘ಶುಡ್ ಹ್ಯಾವ್ ಸ್ಟಡೀಡ್’ ಆಗಿದೆ. ಓದಬೇಕು ಅಂದ ಮನುಷ್ಯ ಈಗ ಓದಬೇಕಿತ್ತು ಅಂತ ಗೊಣಗುತ್ತಿದ್ದಾನೆ! ‘ಶುಡ್’, ‘ಕುಡ್’, ‘ಮೈಟ್’ ಇವನ್ನೆಲ್ಲ ಹಾಗೇ ಬಿಡಿ.

ಅಕ್ಕನ ಪತ್ರದ ಭಾಗ ಇನ್ನೂ ಕಷ್ಟ. ‘ಹ್ಯಾಡ್ ಗಾನ್’, ‘ಹ್ಯಾಡ್ ಮೆಟ್’, ‘ಹ್ಯಾಡ್ ಕ್ರೈಡ್’ ಅಂತ ಒಂದು ಪುಟ ಪೂರ್ತಿ ‘ಹ್ಯಾಡ್’ ಓದಿ ನನಗೇ ಉಸಿರು ಕಟ್ಟಿತು. ಶುರುವಿನಲ್ಲಿ ಒಂದೆರಡು ಸಲ ಹಾಕಿದರೆ ಇದು ಪತ್ರಕ್ಕಿಂತ ಮೊದಲು ನಡೆದದ್ದು ಅಂತ ಓದುಗನಿಗೆ ತಿಳಿಯುತ್ತದೆ, ಅಲ್ಲಿಂದ ಮುಂದೆ ಸಾದಾ ಭೂತಕಾಲದಲ್ಲಿ ನಡೆಸಿಕೊಂಡು ಹೋಗಿ, ಯಾವುದು ಮೊದಲು ಯಾವುದು ನಂತರ ಅಂತ ಗೊಂದಲ ಆಗುವ ಕಡೆ ಮಾತ್ರ ‘ಹ್ಯಾಡ್’ ಮತ್ತೆ ಬರಲಿ.

ಮಾವನ ಬಗ್ಗೆ ‘ಮದರ್ ಸೆಡ್ ಹೀ ಈಸ್ ಎ ಗುಡ್ ಮ್ಯಾನ್’ ಅನ್ನುವ ವಾಕ್ಯ ತಪ್ಪಲ್ಲ. ಆದರೆ ಅಲ್ಲಿ ‘ಈಸ್’ ಇಟ್ಟರೆ ಮಾವ ಈಗಲೂ ಒಳ್ಳೆಯವನೇ ಅಂತ ತಮ್ಮನೂ ಒಪ್ಪಿದ ಹಾಗೆ ಕೇಳುತ್ತದೆ. ‘ವಾಸ್’ ಇಟ್ಟರೆ ಅದು ಅಮ್ಮನ ಮಾತು, ತಮ್ಮ ಒಪ್ಪಿರಬಹುದು, ಬಿಟ್ಟಿರಬಹುದು. ನಿಮ್ಮ ಕಥೆಯ ಅನುಮಾನವೆಲ್ಲ ಇರುವುದು ಇಲ್ಲೇ, ಸುಮ್ನೆ ಯಾವುದೋ ಒಂದನ್ನು ಹಾಕಬೇಡಿ.

‘ಆಸ್ಕ್ಡ್ ವೇರ್ ವಾಸ್ ಐ ಗೋಯಿಂಗ್’ ಬೇಡ, ‘ವೇರ್ ಐ ವಾಸ್ ಗೋಯಿಂಗ್’ ಮಾಡಿ. ಜಗಳದ ದೃಶ್ಯವನ್ನಂತೂ ವರದಿ ಮಾಡಲೇಬೇಡಿ, ಉದ್ಧರಣ ಚಿಹ್ನೆ ಹಾಕಿ ನೇರವಾಗಿ ಮಾತಾಡಿಸಿ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.